ಕರಡಿ ಮಾಮ ಎಲೆಯ ಮೇಲೆ ಕುಳಿತದ್ದು

ಮಕ್ಕಳೇ, ನಾಲ್ಕು ಕಾಡುಗಳು ಕೂಡುವಲ್ಲಿ ಒಂದು ಬಂಡೆಯಿತ್ತು. ಎಲ್ಲೇ ಜಗಳವಾದರೂ ನಾಲ್ಕೂ ಕಾಡಿನ ಹಿರಿಯರು ಅಲ್ಲಿ ಸಭೆ ಸೇರುತ್ತಿದ್ದರು. ಒಪ್ಪಿದವರು ಬಂಡೆಯ ಮೇಲೆ ಒಂದೊಂದು ಮುತ್ತುಗದ ಎಲೆ ಇಡಬೇಕು. ಒಂದೇ ಎಲೆ ಕಡಿಮೆಯಾದರೂ ತೀರ್ಮಾನ ನಿಲ್ಲದು. ಯಾರಿಗೂ ಅನ್ಯಾಯವಾಗಬಾರದೆಂದು ಮಾಡಿಕೊಂಡ ಕಟ್ಟಳೆ ಅದು.

ಒಂದು ಬೇಸಗೆಯಲ್ಲಿ, ಕೆರೆಯಂಚಿನ ಅತ್ತಿಮರಕ್ಕಾಗಿ ಕೊಕ್ಕರೆಗಳಿಗೂ ಕೋತಿಗಳಿಗೂ ಯುದ್ಧವೇ ಶುರುವಾಯಿತು.

"ಇದು ನಮ್ಮ ಗೂಡಿನ ಮರ!"

"ಅಲ್ಲ, ನಮ್ಮ ಹಣ್ಣಿನ ಮರ!"

ಕೋತಿಗಳು ಕಲ್ಲು ಎಸೆದವು, ಕೊಕ್ಕರೆಗಳು ಕುಕ್ಕಿದವು. ಗೂಡುಗಳು ಒಂದೊಂದಾಗಿ ಉದುರತೊಡಗಿದವು.

ಒಂದು ದಿನ ಬೆಳಿಗ್ಗೆ ತಾಯಿ ಕೊಕ್ಕರೆ ಧವಳಿ ಸಭೆ ಕೂಡಿದ್ದ ಬಂಡೆಗೆ ಹಾರಿಬಂದಳು. "ಆಮೆಜ್ಜೀ, ನನಗೆ ಉಳಿದಿರುವುದು ಒಂದೇ ಮೊಟ್ಟೆ. ಬೇಗ ಬಂದು ಜಗಳ ಬಿಡಿಸಿ!"

ಆಮೆಜ್ಜಿ ಸಭೆಯ ಹಿರಿಯಳು. "ಹೋಗಿ ಬಿಡಿಸೋಣವೇ?" ಎಂದು ಕೇಳಿದಳು. ಎಲ್ಲರೂ ಎಲೆ ಇಟ್ಟರು, ಕರಡಿ ಮಾಮನೊಬ್ಬನನ್ನು ಬಿಟ್ಟು. ಅವನಿಗೆ ದಿನವೂ ಜೇನುಗೂಡು ತೋರಿಸುತ್ತಿದ್ದುದು ಕೋತಿಗಳೇ ಅಲ್ಲವೇ? ಮಾಮ ಮೆಲ್ಲಗೆ ತನ್ನ ಎಲೆಯ ಮೇಲೆ ಕುಳಿತುಬಿಟ್ಟ.

"ನಿನ್ನ ಎಲೆ ಎಲ್ಲಿ, ಮಾಮ?"

"ಗಾಳಿಗೆ ಹಾರಿತೇನೋ, ಅಜ್ಜಿ."

ಗಾಳಿಯೋ, ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ!

ಕೊನೆಗೆ ಸಭೆ "ನಮಗೆಲ್ಲ ಬಹಳ ಬೇಸರವಾಗಿದೆ" ಎಂದಷ್ಟೇ ಹೇಳಿತು. "ನಿಮ್ಮ ಬೇಸರದಿಂದ ನನ್ನ ಮೊಟ್ಟೆ ಉಳಿಯುತ್ತದೆಯೇ?" ಎನ್ನುತ್ತಾ ಧವಳಿ ಅಳುತ್ತ ಹಾರಿಹೋದಳು.

"ಜಗಳ ನಿಲ್ಲಿಸಲು ಎಲ್ಲರ ಎಲೆ ಬೇಕು, ನಿಜ. ಬೀಳುವವರನ್ನು ಕಾಯಲು ಯಾರ ಎಲೆ ಬೇಕು?" ಎಂದು ಆಮೆಜ್ಜಿ ಎದ್ದು ಹೊರಟೇಬಿಟ್ಟಳು.

"ನಿಮ್ಮ ನಡಿಗೆಗೆ ಯುದ್ಧವೇ ಮುಗಿದಿರುತ್ತದೆ, ಬೆನ್ನೇರಿ!" ಎಂದು ಕಾಡೆಮ್ಮೆ ಗೌರಕ್ಕ ಮಂಡಿಯೂರಿದಳು. ಮೊಲಗಳು ಒಣಹುಲ್ಲು ತಂದು ಅತ್ತಿಮರದ ಕೆಳಗೆ ದಪ್ಪನೆಯ ಹಾಸಿಗೆ ಮಾಡಿದವು. ಏನಾಗುತ್ತದೋ ನೋಡೋಣವೆಂದು ಕರಡಿ ಮಾಮನೂ ಹಿಂದೆಯೇ ಬಂದ.

ಒಂದು ಕಲ್ಲು ಆಮೆಜ್ಜಿಯ ಚಿಪ್ಪಿಗೆ ಠಣ್ಣೆಂದು ಬಡಿಯಿತು. "ನೀನು ಯಾರ ಕಡೆ?" ಎಂದು ಕೋತಿಗಳು ಗದರಿದವು.

"ಬೀಳುವವರ ಕಡೆ, ಮಕ್ಕಳೇ," ಎಂದಳು ಅಜ್ಜಿ.

ಅಷ್ಟರಲ್ಲಿ ಧವಳಿಯ ಗೂಡು ಮುರಿದು ಮೊಟ್ಟೆ ಉರುಳಿತು. ಹುಲ್ಲಿನ ಮೇಲೆ ಬಿತ್ತು, ಒಡೆಯಲಿಲ್ಲ! ಮರುಗಳಿಗೆಯೇ ಕೊಕ್ಕಿನ ಏಟು ತಿಂದು ಕೋತಿಮರಿ ಕುಟ್ಟಿ ತುದಿಕೊಂಬೆಯಿಂದ ಜಾರಿತು.

"ಅಯ್ಯೋ, ನಮ್ಮ ಕುಟ್ಟಿ! ಯಾರಾದರೂ ಹಿಡಿಯಿರೋ!" ಎಂದು ಕಿರುಚಿದವನು ಕರಡಿ ಮಾಮ.

ಕುಟ್ಟಿ ಅದೇ ಹುಲ್ಲಿನ ಮೇಲೆ, ಮೊಟ್ಟೆಯ ಪಕ್ಕದಲ್ಲೇ ಬಿದ್ದು ಗಡಗಡ ನಡುಗಿತು. ಧವಳಿ ಕೆಳಗಿಳಿದಳು. ಒಂದು ಕ್ಷಣ ಮರಿಯನ್ನೇ ನೋಡಿದಳು. ಆಮೇಲೆ ರೆಕ್ಕೆ ಹರಡಿ, ಮೊಟ್ಟೆಯ ಜೊತೆಗೆ ಅದನ್ನೂ ಬೆಚ್ಚಗೆ ಮುಚ್ಚಿಕೊಂಡಳು. ಅದನ್ನು ಕಂಡು ಕುಟ್ಟಿಯ ತಾಯಿಯ ಕೈಯಿಂದ ಕಲ್ಲು ಜಾರಿತು. ಉಳಿದ ಕೋತಿಗಳೂ ಕಲ್ಲು ಕೆಳಗೆ ಹಾಕಿದವು, ಕೊಕ್ಕರೆಗಳು ಕುಕ್ಕುವುದನ್ನು ನಿಲ್ಲಿಸಿದವು.

ಕರಡಿ ಮಾಮ ತನ್ನ ಹಿಂಭಾಗಕ್ಕೆ ಅಂಟಿಕೊಂಡಿದ್ದ ಎಲೆಯನ್ನು ಕಿತ್ತು ಮುಂದೆ ಹಿಡಿದ.

"ಅಜ್ಜೀ, ಹರಿದಿದೆ. ನಡೆಯುತ್ತದೆಯೇ?"

"ನಡೆಯುತ್ತದೆ, ಮಗಾ."

ಎಲೆಗಳೆಲ್ಲ ಕೂಡಿದವು, ತೀರ್ಮಾನವಾಯಿತು: ಮೇಲಿನ ಕೊಂಬೆಗಳು ಗೂಡಿಗೆ, ಕೆಳಗಿನವು ಹಣ್ಣಿಗೆ. ಎರಡೂ ಕಡೆಯವರು ಒಪ್ಪಿದರು.

ಸುತ್ತಲೂ ಬಿದ್ದಿದ್ದ ಒಡೆದ ಮೊಟ್ಟೆಗಳನ್ನು ನೋಡುತ್ತ ಆಮೆಜ್ಜಿ ಮೆಲ್ಲಗೆ ಹೇಳಿದಳು: "ಬೆಳಿಗ್ಗೆಯೇ ಎಲೆ ಕೊಟ್ಟಿದ್ದರೆ ಇವುಗಳಲ್ಲಿ ಎಷ್ಟೋ ಉಳಿಯುತ್ತಿದ್ದವು."

ಕರಡಿ ಮಾಮ ತಲೆ ತಗ್ಗಿಸಿ, ಉದುರಿದ ಗೂಡಿನ ಕಡ್ಡಿಗಳನ್ನು ಒಂದೊಂದಾಗಿ ಆರಿಸತೊಡಗಿದ.

ನೀತಿ: ಜಗಳ ಬಿಡಿಸಲು ಕುಳಿತವರು ತಮ್ಮವರೆಂದು ಪಕ್ಷ ವಹಿಸಿದರೆ, ಅದರ ನೋವು ಏನೂ ಅರಿಯದ ಕೂಸುಗಳ ಪಾಲಾಗುತ್ತದೆ.