ಸವೆದ ಕಲ್ಲು

ಹಳೆಯ ಗೋಡೆಗೆ ಹೊಸ ಕಲ್ಲು ಕೂರಿಸಿದರೆ ಅದು ಹೊಸದೆಂದೇ ಕಾಣಬೇಕು. ಶಿಲ್ಪಗುರು ಚೌರಪ್ಪನವರ ಮೊದಲ ಪಾಠವೇ ಇದು. ಹೊಳೆದಂಡೆಯ ಹಳೆಯ ಚರ್ಚಿನಲ್ಲಿ ಎಲ್ಲರೂ ಇದನ್ನು ಮೀರಿದರು.

ಜೀರ್ಣೋದ್ಧಾರದಲ್ಲಿ ತೇಪೆ ಕಾಣಬಾರದು ಎಂದರು ಪಾದ್ರಿಗಳು. ಊರವರು ತಲೆಯಾಡಿಸಿದರು. ಶಿಷ್ಯ ಇನ್ನಾಸಪ್ಪ ಬಾಗಿಲ ಕಮಾನಿನಲ್ಲೂ ಅದರ ಎರಡೂ ಪಕ್ಕಗಳಲ್ಲೂ ಸವೆದಿದ್ದ ಕಲ್ಲುಗಳನ್ನು ಕಿತ್ತು ಹೊಸವನ್ನು ಕೂರಿಸಿದ. ಹಳೆಯವಾಗಿ ಕಾಣಲೆಂದು ಹುಳಿಮಜ್ಜಿಗೆಯಲ್ಲಿ ಮಸಿ ಕಲಸಿ ಅವಕ್ಕೆ ಬಳಿದ.

ಗುರುಗಳು ನೋಡಿದರು. ದಾಕ್ಷಿಣ್ಯಕ್ಕೆ ಸುಮ್ಮನಿದ್ದರು.

ದುರಸ್ತಿಯಾದ ಚರ್ಚನ್ನು ಹರಸಲು ಬಿಷಪರು ಬರುವ ಹಿಂದಿನ ದಿನ ಮುದುಕಿ ಆರೋಗ್ಯಮ್ಮ ಬಂದಳು. ಬಾಗಿಲ ಎಡಗಡೆ, ಎದೆಯೆತ್ತರದಲ್ಲಿ ಕೈಯಾಡಿಸಿದಳು.

"ಇಲ್ಲೊಂದು ಗುಳಿಬಿದ್ದ ಕಲ್ಲಿತ್ತಲ್ಲಪ್ಪ. ಒಳಗೆ ಹೋಗುವವರೆಲ್ಲ ಮುಟ್ಟಿ ಮುಟ್ಟಿ ಸವೆದದ್ದು. ನನ್ನ ಮಗಳು ಸಿಸಿಲಿ ಚಿಕ್ಕವಳಿದ್ದಾಗ ಹಾರಿ ಹಾರಿ ಮುಟ್ಟುತ್ತಿದ್ದಳು. ಅವಳು ತೀರಿಕೊಂಡ ಮೇಲೆ ನಾನು ಅಲ್ಲಿ ಕೈಯಿಡದೆ ಒಳಗೆ ಹೋದವಳಲ್ಲ."

"ಇದೇ ಅಜ್ಜಿ, ಆ ಕಲ್ಲು," ಎಂದ ಇನ್ನಾಸಪ್ಪ.

"ಗುಳಿ ಎಲ್ಲಿ?"

"ಸರಿ ಮಾಡಿದ್ದೇವೆ."

"ಸರಿಯಿಲ್ಲ ಅಂತ ನಾನು ಹೇಳಿದ್ದೆನಾ?"

ಅವಳ ಅಂಗೈಗೆ ಮಸಿ ಹತ್ತಿತ್ತು. ಸೆರಗಿಗೆ ಒರೆಸಿಕೊಂಡಳು. ಒಳಗೆ ಹೋಗದೆ ಮೆಟ್ಟಿಲಿಳಿದಳು.

ಪಕ್ಕದಲ್ಲೇ ನಿಂತಿದ್ದ ಗುರುಗಳು ಕೇಳಿದರು: "ಆ ಕಲ್ಲು ಎಲ್ಲಿದೆ?"

"ಒಡೆದು ಜಲ್ಲಿ ಮಾಡಿ ನೆಲಕ್ಕೆ ತುಂಬಿದೆ, ಗುರುಗಳೇ."

"ಮತ್ತೆ ಇದೇ ಅಂದೆಯಲ್ಲ?"

"ಮುದುಕಿಗೆ ಸಮಾಧಾನವಾಗಲಿ ಅಂತ." ಇನ್ನಾಸಪ್ಪ ಉಳಿ ಎತ್ತಿಕೊಂಡ. "ಅದೇ ಎತ್ತರದಲ್ಲಿ ಒಂದು ಗುಳಿ ಕೊರೆದುಬಿಡಲೇ? ಯಾರಿಗೂ ಗೊತ್ತಾಗುವುದಿಲ್ಲ."

"ಕೊರೆಯಲಿ ಬಿಡಿ," ಎಂದರು ಬಾಗಿಲೊಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಪಾದ್ರಿಗಳು. "ನಾಳೆ ಬಿಷಪರ ಮುಂದೆ ಅಜ್ಜಿ ಅತ್ತುಕೊಂಡು ನಿಂತರೆ ಚೆನ್ನಾಗಿರುವುದಿಲ್ಲ."

ಗುರುಗಳು ಶಿಷ್ಯನತ್ತ ತಿರುಗಿದರು. "ಊರು ತಲೆತಲಾಂತರದಿಂದ ಸವೆಸಿದ್ದನ್ನು ನೀನು ಊಟದ ಹೊತ್ತಿಗೆ ಮುಗಿಸುತ್ತೀಯಾ?"

ಉಳಿಯನ್ನು ಅವನ ಕೈಯಿಂದ ತೆಗೆದುಕೊಂಡು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಹೆಗಲ ಮೇಲಿನ ವಸ್ತ್ರವನ್ನು ಪಕ್ಕದಲ್ಲಿದ್ದ ಬಿಂದಿಗೆಯ ನೀರಿನಲ್ಲಿ ಅದ್ದಿ, ಬಾಗಿಲ ಕಲ್ಲುಗಳ ಮಸಿ ತೊಳೆಯತೊಡಗಿದರು. ಮೊದಲ ಕಲ್ಲು ಬೆಳ್ಳಗೆ ಎದ್ದು ಕಂಡಿತು.

"ಏನು ಮಾಡುತ್ತಿದ್ದೀರಿ! ತೇಪೆಯೆಲ್ಲ ಕಾಣುತ್ತದೆ," ಎಂದರು ಪಾದ್ರಿಗಳು.

"ಕಾಣಲಿ, ಫಾದರ್. ನಾನು ಸುಮ್ಮನಿದ್ದದ್ದೂ ಕಾಣಲಿ."

ಇನ್ನಾಸಪ್ಪ ಬಿಂದಿಗೆಯ ಬಳಿ ಬಂದ. ಮೆಲ್ಲಗೆ ಕೇಳಿದ: "ತೊಳೆದರೆ ಆ ಕಲ್ಲು ಬರುತ್ತದೆಯೇ, ಗುರುಗಳೇ?"

"ಬರುವುದಿಲ್ಲ. ಇನ್ನೊಂದು ಬಿಂದಿಗೆ ನೀರು ತಾ."