ಕೆಮ್ಮಣ್ಣಿನ ಅಂಗಳ ಬಿಡದ ಗೌಜವ್ವ

ಒಂದು ಕಾಡಿನಲ್ಲಿ ಪ್ರಾಣಿಗಳಿಗೆಲ್ಲ ಬಳ್ಳಿಯಾಟದ ಹುಚ್ಚು ಹಿಡಿದಿತ್ತು. ಎರಡು ಗೂಟಗಳ ನಡುವೆ ಒಂದು ಬಳ್ಳಿ ಕಟ್ಟುವುದು. ಆಲದ ಹಾಲು ಮೆತ್ತಿ ಒಣಗಿಸಿದ ನಾರಿನ ಚೆಂಡನ್ನು ಕೊಂಬಿನಿಂದಲೋ ಕೈಯಿಂದಲೋ ಮೂತಿಯಿಂದಲೋ ಬಳ್ಳಿಯ ಆಚೆಗೆ ಹೊಡೆಯುವುದು. ಗೆರೆಯ ಒಳಗೆ ಬಿದ್ದ ಚೆಂಡನ್ನು ತಿರುಗಿ ಹೊಡೆಯಲಾಗದವರು ಸೋತಂತೆ. ಇಷ್ಟೇ ಆಟ. ಇಷ್ಟಕ್ಕೇ ಇಡೀ ಕಾಡು ಮೇವು ಬಿಟ್ಟು ಬಂದು ಕೂರುತ್ತಿತ್ತು.

ಆಡಲು ಮೂರು ಅಂಗಳಗಳಿದ್ದವು. ಒಂದು ಹುಲ್ಲಿನದು, ಒಂದು ಹಾಸುಬಂಡೆಯದು, ಒಂದು ಕೆಮ್ಮಣ್ಣಿನದು. ಹುಲ್ಲಿನ ಮೇಲೆ ಚೆಂಡು ಜಾರಿ ಓಡುತ್ತಿತ್ತು. ಅಲ್ಲಿ ಜಿಂಕೆ ಹಾರಯ್ಯನನ್ನು ಹಿಡಿಯುವವರೇ ಇರಲಿಲ್ಲ. ಬಂಡೆಯ ಮೇಲೆ ಚೆಂಡು ಎತ್ತರಕ್ಕೆ ಪುಟಿಯುತ್ತಿತ್ತು. ಅಲ್ಲಿ ಉದ್ದ ಕೈಯ ಕೋತಿ ಮುಸಿಯನದೇ ದರ್ಬಾರು. ಕೆಮ್ಮಣ್ಣಿನ ಮೇಲೆ ಮಾತ್ರ ಚೆಂಡು ಒಂದು ಗಳಿಗೆ ಯೋಚನೆ ಮಾಡಿ ಏಳುತ್ತಿತ್ತು. ಅಲ್ಲಿ ಕಾಡುಹಂದಿ ದೂಮಕ್ಕ ಬಂದ ಚೆಂಡನ್ನೆಲ್ಲ ತಿರುಗಿಸಿ ತಿರುಗಿಸಿ ಕಳಿಸುತ್ತಿದ್ದಳು. ಬೆಳಗ್ಗೆ ಶುರುವಾದ ಆಟ ನೆತ್ತಿಯ ಮೇಲೆ ಬಿಸಿಲು ಬಂದರೂ ಮುಗಿಯುತ್ತಿರಲಿಲ್ಲ.

ಆಡುವ ಮೂವರೂ ಆಟ ಮುಗಿದ ಮೇಲೆ ಒಂದೇ ಹೊಂಡದಲ್ಲಿ ನೀರು ಕುಡಿದು ಮನೆಗೆ ಹೋಗುತ್ತಿದ್ದರು. ತಂಟೆಯೆಲ್ಲ ನೋಡುವವರದ್ದು.

"ಹಾರಯ್ಯನ ಮುಂದೆ ಯಾರಿದ್ದಾರೆ ಹೇಳಿ!" ಎನ್ನುತ್ತಿತ್ತು ಮೊಲ.

"ಬಂಡೆ ಮೇಲೆ ಅವನ ಆಟ ನೋಡಿಲ್ವಾ? ಗೊರಸು ಉರಿಯುತ್ತೆ ಅಂತ ಅರ್ಧಕ್ಕೇ ಕುಂಟಿದ," ಎನ್ನುತ್ತಿತ್ತು ಅಳಿಲು.

"ಎಲ್ಲರಿಗಿಂತ ಹೆಚ್ಚು ಗೆದ್ದವಳು ದೂಮಕ್ಕ. ಹನ್ನೊಂದು ಸಲ!" ಎಂದು ಮುಳ್ಳುಹಂದಿ ಮುಳ್ಳು ನಿಮಿರಿಸುತ್ತಿತ್ತು.

"ಅದರಲ್ಲಿ ಮಣ್ಣಿನವೇ ಒಂಬತ್ತು. ಅವನ್ನು ತೆಗೆದುಹಾಕಿ ನೋಡು. ಏನು ಉಳಿಯುತ್ತೆ?" ಎನ್ನುತ್ತಿತ್ತು ಮೊಲ.

"ನಿನ್ನ ಕಿವಿ ಎರಡನ್ನೂ ತೆಗೆದುಹಾಕಿ ನೋಡು. ನಿನ್ನಲ್ಲೇನು ಉಳಿಯುತ್ತೆ?"

ಹೀಗೆ ದಿನವೂ ನಡೆಯುತ್ತಿತ್ತು. ಗಂಟಲು ಒಣಗಿದರೂ ಯಾರೊಬ್ಬರೂ ಸೋತೆ ಎನ್ನುತ್ತಿರಲಿಲ್ಲ.

ಈ ಜಗಳಕ್ಕೆ ಬಾರದವಳು ಒಬ್ಬಳೇ. ಅವಳು ಗೌಜಲಹಕ್ಕಿ ಗೌಜವ್ವ. ಕೆಮ್ಮಣ್ಣಿನ ಅಂಗಳದ ಅಂಚಿನಲ್ಲಿ, ಒಣಹುಲ್ಲಿನ ಮರೆಯಲ್ಲಿ, ಅವಳು ಏಳು ಮೊಟ್ಟೆ ಇಟ್ಟಿದ್ದಳು. ಗೂಡಿನ ಹಿಂದೆ ಸೀಗೆಮುಳ್ಳಿನ ಮೆಳೆ ಇತ್ತು. ಅಲ್ಲಿಗೆ ಬರುವವರು ಅಂಗಳ ದಾಟಿಯೇ ಬರಬೇಕು. ಅಂಗಳದಲ್ಲೋ ಹಗಲೆಲ್ಲ ಜನಜಂಗುಳಿ. ಕತ್ತಲಾದರೆ ದೂಮಕ್ಕ ಅಲ್ಲೇ ಪಕ್ಕದಲ್ಲಿ ಮಲಗುತ್ತಿದ್ದಳು. ಹಿಂದಿನ ವರ್ಷ ಬೇರೆ ಕಡೆ ಇಟ್ಟ ಮೊಟ್ಟೆಗಳನ್ನೆಲ್ಲ ಕಳೆದುಕೊಂಡ ಗೌಜವ್ವ ಹುಡುಕಿ ಹುಡುಕಿ ಈ ಜಾಗ ಹಿಡಿದಿದ್ದಳು.

ಆ ಮೊಟ್ಟೆಗಳು ನರಿ ಬಿಂಕಯ್ಯನ ಕಣ್ಣಿಗೆ ಬಿದ್ದವು. ಬಾಯಲ್ಲಿ ನೀರೂರಿತು. ಆದರೆ ಅಷ್ಟು ಜನರ ನಡುವೆ ಹೋಗುವುದು ಹೇಗೆ? ಅಂಗಳದಲ್ಲಿ ಆಟವೇ ನಿಂತುಹೋದರೆ ಜನ ಬರುವುದಿಲ್ಲ. ಜನ ಬಾರದಿದ್ದರೆ ದೂಮಕ್ಕನಿಗೂ ಅಲ್ಲಿ ಕೆಲಸವಿಲ್ಲ. ಆಮೇಲೆ ಮೊಟ್ಟೆಗಳೂ ನನ್ನವು, ಮರಿಗಳೂ ನನ್ನವು. ಬಿಂಕಯ್ಯ ಮೀಸೆ ನೆಕ್ಕಿಕೊಂಡ.

ಮರುದಿನ ಅವನು ಆಲದ ಮರದ ಕೆಳಗೆ ಜಗಳದ ನಡುವೆ ಹೋಗಿ ನಿಂತ.

"ಬಂಧುಗಳೇ, ನೀವು ಸುಮ್ಮನೆ ಗಂಟಲು ಹರಿದುಕೊಳ್ಳುತ್ತಿದ್ದೀರಿ," ಎಂದ. "ಮಣ್ಣು ಕೂಡ ಒಂದು ಆಟದ ನೆಲವೇ? ಅಲ್ಲಿ ಚೆಂಡು ನಿದ್ದೆ ಮಾಡುತ್ತೆ. ಅಲ್ಲಿ ಗೆಲ್ಲೋಕೆ ಚಳಕ ಬೇಡ, ಹಟ ಇದ್ದರೆ ಸಾಕು. ನಾನು ಅಪ್ಪಟ ಹುಲ್ಲಿನವನು. ಹುಟ್ಟಿದಾಗಿನಿಂದ ಆ ಕೆಮ್ಮಣ್ಣಿಗೆ ಕಾಲಿಟ್ಟವನಲ್ಲ! ಆ ಅಂಗಳ ಮುಚ್ಚಿಬಿಡಿ. ದೂಮಕ್ಕನ ಒಂಬತ್ತು ಗೆಲುವುಗಳನ್ನು ಅಳಿಸಿಬಿಡಿ. ಯಾರು ದೊಡ್ಡವರು ಅನ್ನೋದು ತಾನಾಗಿ ಗೊತ್ತಾಗುತ್ತೆ."

ಮೊಲದ ಕಡೆಯವರು ಹೋ ಎಂದು ಕೂಗಿದರು. ಪ್ರತಿಸ್ಪರ್ಧಿ ಒಬ್ಬಳು ಕಡಿಮೆಯಾಗುತ್ತಾಳಲ್ಲ ಎಂದು ಮುಸಿಯನ ಕಡೆಯವರೂ ಕೂಗಿದರು. ತಮ್ಮ ಕೂಗು ಯಾರ ಗೂಡಿಗೆ ಬೀಳುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಗೆಲ್ಲುವ ಗುಂಪಿನಲ್ಲಿ ನಿಂತವರಿಗೆ ಅಷ್ಟು ಪುರುಸೊತ್ತು ಎಲ್ಲಿರುತ್ತದೆ?

ತೀರ್ಪುಗಾರನಾದ ಆಮೆ ಅಜ್ಜ, "ನಾಳೆ ಬೆಳಗ್ಗೆ ತೀರ್ಮಾನ ಮಾಡೋಣ," ಎಂದ.

ಕೂಗು ಕೇಳಿ ಗೌಜವ್ವನೂ ಗೂಡಿನಿಂದ ಓಡಿ ಬಂದಿದ್ದಳು. ದೂಮಕ್ಕ ತಲೆ ತಗ್ಗಿಸಿ ಹೊರಟಳು. "ಇರಲಿ ಬಿಡು ಗೌಜವ್ವ. ನಾನು ಆಡಿದ್ದು ನನಗೆ ಗೊತ್ತು. ಅಷ್ಟು ಸಾಕು," ಎಂದಳು.

"ನಿನಗೆ ಸಾಕು. ನನಗೆ ಸಾಲದು!" ಎಂದು ಗೌಜವ್ವ ರೆಕ್ಕೆ ಬಡಿದಳು. ಅವಳು ಎಲ್ಲರ ಕಾಲುಗಳ ನಡುವೆ ನುಸುಳಿ ಮುಂದೆ ಬಂದಳು. "ಆಮೆಜ್ಜ, ಮಣ್ಣಿನ ಮಾತು ಹುಲ್ಲಿನ ಮೇಲೆ ಕೂತು ತೀರ್ಮಾನ ಮಾಡಬೇಡಿ. ನಾಳೆ ಎಲ್ಲರೂ ಆ ಅಂಗಳಕ್ಕೇ ಬನ್ನಿ. ಮುಚ್ಚೋದಾದರೆ ನನ್ನ ಮುಖ ನೋಡಿ ಮುಚ್ಚಿ. ನಾನಂತೂ ಅಲ್ಲಿಂದ ಏಳೋಳಲ್ಲ."

"ಅಂಗೈ ಅಗಲ ಇಲ್ಲ, ಎಷ್ಟು ಗಂಟಲು!" ಎಂದು ಬಿಂಕಯ್ಯ ನಕ್ಕ.

"ಗಂಟಲು ಒಂದೇ ಅಲ್ಲ, ಕೊಕ್ಕೂ ಇದೆ," ಎಂದಳು ಗೌಜವ್ವ.

ಮಾರನೆಯ ದಿನ ಬೆಳಕು ಹರಿಯುವಾಗ ದೂಮಕ್ಕ ಹೊಳೆಗೆ ಹೋದಳು. ಬಿಂಕಯ್ಯನಿಗೆ ಇನ್ನು ತಡೆಯಲಾಗಲಿಲ್ಲ. ಹೇಗೂ ಇವತ್ತು ಅಂಗಳ ಮುಚ್ಚುತ್ತದೆ, ಒಂದು ಗಳಿಗೆ ಮೊದಲೇ ತಿಂದರೆ ಏನಂತೆ ಎಂದುಕೊಂಡು ಸದ್ದಿಲ್ಲದೆ ಅಂಗಳ ದಾಟಿದ. ಹುಲ್ಲು ಸರಿಸಿ ಬಾಯಿ ಹಾಕಿದ.

ಗೌಜವ್ವ ಹಾರಿಹೋಗಲಿಲ್ಲ. ನೇರ ಅವನ ಮೂಗಿಗೇ ಕೊಕ್ಕು ಹಾಕಿದಳು. ರೆಕ್ಕೆಯಿಂದ ಕಣ್ಣಿಗೆ ಬಡಿದಳು. ಕಾಡು ಏಳುವ ಹಾಗೆ ಕಿರುಚಿದಳು. ಬಿಂಕಯ್ಯ ಬೆಚ್ಚಿ ಹಿಂದೆ ಸರಿದಾಗ ಅವನ ಕಾಲಡಿ ಒಂದು ಮೊಟ್ಟೆ ಒಡೆಯಿತು. ಅವನು ಬಾಲ ಮಡಚಿಕೊಂಡು ಓಡಿದ. ಒಡೆದ ಚಿಪ್ಪನ್ನು ನೋಡಿ ಗೌಜವ್ವ ಅತ್ತಳು. ಅಳುತ್ತಲೇ ಉಳಿದ ಆರನ್ನೂ ರೆಕ್ಕೆಯಡಿ ಎಳೆದುಕೊಂಡಳು.

ಬಿಸಿಲೇರುವ ಹೊತ್ತಿಗೆ ಎಲ್ಲರೂ ಬಂದು ಅಂಗಳದ ಸುತ್ತ ನಿಂತರು. ಬಿಂಕಯ್ಯ ಮೂಗಿಗೆ ಎಲೆ ಮೆತ್ತಿಕೊಂಡು, ಏನೂ ಅರಿಯದವನ ಹಾಗೆ ಆಮೆ ಅಜ್ಜನ ಪಕ್ಕ ನಿಂತಿದ್ದ.

"ಇವನು ಬೆಳಗ್ಗೆ ನನ್ನ ಗೂಡಿಗೆ ನುಗ್ಗಿದ. ನನ್ನ ಒಂದು ಮೊಟ್ಟೆ ಒಡೆದ," ಎಂದಳು ಗೌಜವ್ವ.

"ನಾನಾ? ನನ್ನ ಮೂಗಿಗೆ ಜೇನು ಕಚ್ಚಿದೆ, ಅಷ್ಟೇ," ಎಂದ ಬಿಂಕಯ್ಯ. "ಈ ಮಣ್ಣಿನ ಮೇಲೆ ಕಾಲಿಟ್ಟವನೇ ಅಲ್ಲ ಅಂತ ನಿನ್ನೆಯೇ ಹೇಳಿದ್ದೀನಿ. ಇಲ್ಲಿ ಬಂದೆ ಅನ್ನೋಕೆ ಯಾರು ನೋಡಿದ್ದಾರೆ?"

"ಆಮೆಜ್ಜ, ಗುರುತು ನೋಡು," ಎಂದಳು ಗೌಜವ್ವ.

"ಗುರುತಾ? ಎಂಥ ಗುರುತು?" ಎಂದ ಬಿಂಕಯ್ಯ.

ಮಣ್ಣಿನ ಅಂಗಳದ ಜನರೆಲ್ಲ ಗೊಳ್ಳೆಂದು ನಕ್ಕರು. ಹುಲ್ಲಿನ ಮೇಲೆ ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಜಗಳ ಬಂದರೆ ತೀರ್ಪುಗಾರ ಹೇಳಿದ್ದೇ ಮಾತು. ಮಣ್ಣಿನ ಮೇಲೆ ಹಾಗಲ್ಲ. ಚೆಂಡು ಬಿದ್ದ ಕಡೆ ಮಣ್ಣಿನಲ್ಲಿ ಗುರುತು ಉಳಿಯುತ್ತದೆ. ತೀರ್ಪುಗಾರ ಇಳಿದು ಬಂದು ಗುರುತು ನೋಡಿಯೇ ಹೇಳಬೇಕು. ಅದಕ್ಕಾಗಿಯೇ ದೂಮಕ್ಕ ದಿನವೂ ಸಂಜೆ ಹೊಳೆಯಲ್ಲಿ ನೆನೆದು ಬಂದು, ಅಂಗಳದ ತುಂಬ ಮೈ ಕೊಡವಿ ನೀರು ಚಿಮುಕಿಸುತ್ತಿದ್ದಳು. ಆಮೇಲೆ ಲಕ್ಕಿಸೊಪ್ಪಿನ ಕೊಂಬೆ ಕಚ್ಚಿಕೊಂಡು ಹಳೆಯ ಗುರುತುಗಳನ್ನೆಲ್ಲ ಗುಡಿಸುತ್ತಿದ್ದಳು. ಆ ಅಂಗಳದಲ್ಲಿ ತನ್ನ ಕೊನೆಯ ಸಂಜೆ ಎಂದುಕೊಂಡಿದ್ದ ನಿನ್ನೆಯೂ ಗುಡಿಸಿದ್ದಳು. ಇಲ್ಲಿ ಒಂದು ಆಟವನ್ನೂ ನೋಡದೆ ಬಾಯಿಗೆ ಬಂದಂತೆ ಮಾತಾಡಿದ ಬಿಂಕಯ್ಯನಿಗೆ ಇದೊಂದೂ ಗೊತ್ತಿರಲಿಲ್ಲ.

ಆಮೆ ಅಜ್ಜ ತೀರ್ಪುಗಾರನ ಕಲ್ಲಿನಿಂದ ಇಳಿದ. ನಿಧಾನವಾಗಿ ನಡೆದ. ಗುಡಿಸಿದ ಮಣ್ಣಿನ ಮೇಲೆ ಗೂಡಿನ ಕಡೆಗೆ ಒಂದು ಸಾಲು ಹೆಜ್ಜೆ ಹೋಗಿತ್ತು. ತಿರುಗಿ ಬರುವಾಗ ಅದೇ ಹೆಜ್ಜೆಗಳು ದೂರದೂರ ಹಾರಿದ್ದವು.

"ಹೋಗುವಾಗ ಮೆಲ್ಲಗೆ ಹೋಗಿದ್ದಾನೆ, ಬರುವಾಗ ಎದ್ದುಬಿದ್ದು ಬಂದಿದ್ದಾನೆ," ಎಂದ ಆಮೆ ಅಜ್ಜ. "ಬಿಂಕಯ್ಯ, ಇಲ್ಲಿ ಬಂದು ಒಂದು ಕಾಲಿಡು."

"ನನ್ನಂಥವನನ್ನು ಮಣ್ಣಿಗಿಳಿಸುತ್ತೀರಾ? ಅವಮಾನ!" ಎಂದು ಬಿಂಕಯ್ಯ ಹಿಂದೆ ಹಿಂದೆ ಸರಿದ. ಹಿಂದೆ ಮುಳ್ಳುಹಂದಿ ನಿಂತಿತ್ತು. ಮುಳ್ಳು ತಾಗಿದ್ದೇ ತಡ, ಅವನು ಅಯ್ಯೋ ಎಂದು ಹಾರಿ ಅಂಗಳಕ್ಕೇ ಬಿದ್ದು, ನಟ್ಟನಡುವೆ ಓಡಿದ. ಹಳೆಯ ಹೆಜ್ಜೆಯ ಪಕ್ಕದಲ್ಲೇ ಹೊಸ ಹೆಜ್ಜೆ ಮೂಡಿತು. ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ದೂಮಕ್ಕ ಬೆನ್ನಟ್ಟಿದಳು. ಬಿಂಕಯ್ಯ ದಾರಿ ಕಾಣದೆ ಸೀಗೆಮೆಳೆಗೆ ನುಗ್ಗಿ, ಅರ್ಧ ತುಪ್ಪಳ ಮುಳ್ಳಿಗೆ ಕೊಟ್ಟು ಆ ಕಡೆ ಬಿದ್ದ. ಮತ್ತೆ ಆ ಕಾಡಿನಲ್ಲಿ ಕಾಣಿಸಲಿಲ್ಲ.

ಆಗ ಜಿಂಕೆ ಹಾರಯ್ಯ ಮುಂದೆ ಬಂದ. ನಿನ್ನೆ ಅವನ ಹೆಸರಿಗೇ ಅಷ್ಟು ಕೂಗು ಎದ್ದಿತ್ತು. ಅವನು ಮೊಲದ ಕಡೆ ತಿರುಗಿದ.

"ದೂಮಕ್ಕನ ಒಂಬತ್ತು ಗೆಲುವು ಅಳಿಸೋಕೆ ಹೊರಟಿದ್ರಲ್ಲ, ಆ ಒಂಬತ್ತರಲ್ಲೂ ಸೋತವನು ನಾನು. ಬಾಯಲ್ಲಿ ನೊರೆ ಬರೋವರೆಗೆ ಓಡಿ ಸೋತಿದ್ದೀನಿ. ನನ್ನ ಅಷ್ಟು ಓಟವನ್ನೂ ಸುಳ್ಳು ಅಂತೀರಾ? ನಿನ್ನೆ ನಾನು ಬಾಯಿ ಬಿಡಬೇಕಿತ್ತು. ಹೊಗಳಿಕೆ ಹಿತವಾಗಿತ್ತು, ಸುಮ್ಮನಿದ್ದೆ. ಅದು ನನ್ನ ತಪ್ಪು."

ಮೊಲದ ಕಿವಿಗಳು ಜೋತುಬಿದ್ದವು. ಅದು ಗೂಡಿನ ಹತ್ತಿರ ಹೋಗಿ, "ತಪ್ಪಾಯ್ತು ಗೌಜವ್ವ. ಇನ್ನು ಮೇಲೆ ನೀನೇ ನಮಗೆ ದೊಡ್ಡವಳು," ಎಂದಿತು.

"ನನಗೆ ಯಾವ ದೊಡ್ಡಸ್ತಿಕೆಯೂ ಬೇಡ," ಎಂದಳು ಗೌಜವ್ವ. ಅವಳ ಕಣ್ಣು ಇನ್ನೂ ಒದ್ದೆಯಾಗಿತ್ತು, ಕುತ್ತಿಗೆ ಮಾತ್ರ ನೆಟ್ಟಗಿತ್ತು. "ನಿನ್ನೆ ನೀವು ಕೂಗಿದ ಧೈರ್ಯದ ಮೇಲೆ ಅವನು ಬಂದ. ಏಳಿದ್ದವು, ಈಗ ಆರು. ಅದು ನಿಮ್ಮ ನೆನಪಿನಲ್ಲಿರಲಿ. ಇನ್ನು ಹೋಗಿ ಕೂತ್ಕೊಳ್ಳಿ, ಆಟ ಶುರುವಾಗಲಿ. ಇವತ್ತು ಇಲ್ಲಿ ಆಟ ಆಗಲೇಬೇಕು."

ಮುಸಿಯ ಬಳ್ಳಿ ಬಿಗಿದ. ಹಾರಯ್ಯ ಒಂದು ಕಡೆ ನಿಂತ, ದೂಮಕ್ಕ ಇನ್ನೊಂದು ಕಡೆ ನಿಂತಳು. ಮೊಲ ಮತ್ತು ಅದರ ಗೆಳೆಯರು ಮೊದಲ ಸಲ ಕೆಂಪು ಧೂಳಿನಲ್ಲಿ ಕೂತು, ಸಂಜೆಯವರೆಗೂ ಕಣ್ಣು ಮಿಟುಕಿಸದೆ ಆಟ ನೋಡಿದರು.

ನೀತಿ: ಇನ್ನೊಬ್ಬರ ಗೆಲುವನ್ನು ಅಳಿಸಲು ಕರೆಯುವವರ ಜೊತೆ ಕೂಗುವ ಮೊದಲು, ಅದರಿಂದ ಅವರಿಗೆ ಸಿಗುವ ಲಾಭವೇನು, ನಷ್ಟವಾಗುವುದು ಯಾರಿಗೆ ಎಂದು ವಿಚಾರಿಸಬೇಕು.