ಬಾಚಣಿಗೆ ಮತ್ತು ಸಿಕ್ಕು

ಜ್ವರದಿಂದ ಎದ್ದ ವಾಸಂತಿಯ ಜಡೆಯಲ್ಲಿ ದೊಡ್ಡದೊಂದು ಸಿಕ್ಕು ಕೂತಿತ್ತು. ಬಾಚಣಿಗೆ ನೆತ್ತಿಯಿಂದ ಹೊರಟು, ರಭಸದಿಂದ ಇಳಿದು ಅದಕ್ಕೆ ಗುದ್ದಿತು. ಹಲ್ಲೊಂದು ಮುರಿಯಿತು, ಹುಡುಗಿ ಕಿರುಚಿದಳು.

“ದಾರಿ ಬಿಡು!” ಎಂದು ಬಾಚಣಿಗೆ ಗದರಿತು.

ಗೂಡಿನಲ್ಲಿದ್ದ ಕತ್ತರಿ ನಕ್ಕಿತು. “ಏಕಯ್ಯ ಒದ್ದಾಡುವೆ? ನನ್ನನ್ನು ಕರೆ. ಬುಡಕ್ಕೇ ಕತ್ತರಿಸಿ ಮುಗಿಸುತ್ತೇನೆ.”

ಬಾಚಣಿಗೆ ಬೆದರಿತು. ಜಡೆಯೇ ಹೋದಮೇಲೆ ತನಗೇನು ಕೆಲಸ?

ಆಗ ಸಿಕ್ಕು ಹೇಳಿತು: “ನನಗೂ ಬಿಡಿಸಿಕೊಳ್ಳುವ ಆಸೆಯಿದೆ. ಆದರೆ ನೀನು ಮೇಲಿನಿಂದ ಎಳೆದಷ್ಟೂ ಕೂದಲೆಲ್ಲ ನನ್ನ ಮೇಲೆ ಬಿದ್ದು ನಾನು ಬಿಗಿಯುತ್ತೇನೆ. ತುಸು ಎಣ್ಣೆ ತರಿಸು. ತುದಿಯಿಂದ ಬಾ.”

ನೆತ್ತಿಯಿಂದ ಆರಂಭಿಸುವುದೇ ಬಾಚಣಿಗೆಯ ಹೆಮ್ಮೆಯಾಗಿತ್ತು. ಆದರೂ ಅದು ಎಣ್ಣೆಬಟ್ಟಲನ್ನು ಕರೆಯಿತು. ಜಡೆಯ ತುದಿಗೆ ಇಳಿಯಿತು. ತುದಿಯನ್ನು ಬಾಚಿ ಹಸನು ಮಾಡಿದ ಮೇಲಷ್ಟೇ ಇನ್ನೊಂದು ಅಂಗುಲ ಏರಿತು. ಮಧ್ಯಾಹ್ನದ ಹೊತ್ತಿಗೆ ಸಿಕ್ಕು ಎಳೆಎಳೆಯಾಗಿ ಬಿಚ್ಚಿಕೊಂಡು ಕೂದಲಿನಲ್ಲಿ ಕೂದಲಾಗಿ ಸೇರಿಹೋಯಿತು.

ವಾಸಂತಿ ಹೊಸ ಜಡೆ ಹೆಣೆದಳು. ಹಲ್ಲು ಮುರಿದ ಬಾಚಣಿಗೆಯನ್ನು ತೊಳೆದು, ಒರೆಸಿ, ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಕತ್ತರಿಗೆ ಕೈ ಚಾಚಿದಳು.

ಬಾಚಣಿಗೆ ಬೆದರಲಿಲ್ಲ. ಜ್ವರದ ದಿನಗಳಲ್ಲಿ ಅವಳ ಉಗುರುಗಳೂ ಬೆಳೆದಿದ್ದವು.